ಕ್ಯಾಕರಿಸಲು ನಾಚುವ ಗಂಟಲು

‘ಉಗಿದ’ ಎಂದರೆ ಬಾಯಲ್ಲಿದ್ದುದನ್ನು ಹೊರಹಾಕಿದ, ಅಷ್ಟೆ. ‘ಕ್ಯಾಕರಿಸಿ ಉಗಿದ’ ಎಂದಾಗ ಮಾತಿನ ತೂಕವೇ ಬೇರೆ. ಬಾಯಲ್ಲಿದ್ದ ಉಗುಳು ಸಾಲದೆನ್ನಿಸಿ, ಗಂಟಲಿನ ತಳಕ್ಕೆ ಇಳಿದು, ಅಲ್ಲಿ ಅಂಟಿಕೊಂಡದ್ದನ್ನು ಕೆರೆದು, ಎಳೆದು ತಂದು ಉಗಿದ ಎಂದು ಅದರರ್ಥ. ಉಗಿಯುವುದಕ್ಕೆ ಒಂದು ಕ್ಷಣ ಸಾಕು. ಕ್ಯಾಕರಿಸುವುದಕ್ಕೆ ಉಸಿರು ಬೇಕು, ತಯಾರಿ ಬೇಕು, ಸದ್ದು ಮಾಡುವ ಧೈರ್ಯವೂ ಬೇಕು. ಅದಕ್ಕೇ ಬೈಗುಳದಲ್ಲಿ ಈ ಪದಕ್ಕೆ ಅಷ್ಟು ಬಲ. ‘ಊರೆಲ್ಲ ಕ್ಯಾಕರಿಸಿ ಉಗಿದರೂ ಅವನಿಗೆ ನಾಚಿಕೆಯಿಲ್ಲ’ ಎಂದರೆ, ಊರಿನವರು ಸುಮ್ಮನೆ ಬೇಸರಪಡಲಿಲ್ಲ, ಒಳಗಿನಿಂದ ಹೇಸಿಕೊಂಡರು ಎಂದು ಕೇಳಿದವರಿಗೆ ತಿಳಿಯುತ್ತದೆ.

ಈ ಬೈಗುಳದ ನೆರಳು ಪದದ ಮೇಲೆ ಎಷ್ಟು ದಟ್ಟವಾಗಿ ಬಿದ್ದಿದೆಯೆಂದರೆ, ಅದರ ಮೂಲ ಕೆಲಸವನ್ನೇ ನಾವು ಮರೆಯುತ್ತಿದ್ದೇವೆ. ಬರೆಯುವ ಭಾಷೆಯಲ್ಲಿ ಅದನ್ನು ಒರಟು ಮಾತೆಂದು ಬದಿಗಿಡುತ್ತೇವೆ. ಆಸ್ಪತ್ರೆಯ ಸೂಚನಾಫಲಕದ ಭಾಷೆ ‘ಕಫದ ಮಾದರಿ ನೀಡಿ’ ಎಂದು ಹೇಳಿ ಸುಮ್ಮನಾಗುತ್ತದೆ. ಆದರೆ ಆ ಮಾದರಿ ಬರಬೇಕಾದರೆ ಮನುಷ್ಯ ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಸರಿಯಾಗಿ ಹೇಳುವ ಮಾತು ಕ್ಯಾಕರಿಸು. ಕ್ಷಯರೋಗದ ವಿಷಯದಲ್ಲಿ ಈ ಸಂಕೋಚಕ್ಕೆ ನಾವು ತೆರುತ್ತಿರುವ ಬೆಲೆ ಸಣ್ಣದಲ್ಲ.

ಪದದ ಹುಟ್ಟು ಸದ್ದಿನಲ್ಲಿದೆ ಎಂಬುದಕ್ಕೆ ಪಂಡಿತರ ಸಾಕ್ಷಿ ಬೇಡ, ಒಮ್ಮೆ ಮಾಡಿ ನೋಡಿದರೆ ಸಾಕು. ಹೂಂಕರಿಸು, ಝೇಂಕರಿಸು, ಥೂತ್ಕರಿಸು ಎಂಬ ಪದಗಳಲ್ಲಿ ಮೊದಲು ಸದ್ದು, ಆಮೇಲೆ ‘ಕರಿಸು’ ಬರುತ್ತದೆ. ‘ಧಿಕ್’ ಎನ್ನುವುದೇ ಧಿಕ್ಕರಿಸುವುದು. ಕ್ಯಾಕರಿಸು ಕೂಡ ಅದೇ ಅಚ್ಚಿನಲ್ಲಿ ಸರಿಯಾಗಿ ಕೂರುತ್ತದೆ. ಬಾಯಿಂದ ಬಾಯಿಗೆ ಅದು ಕಾಕರಿಸು, ಖ್ಯಾಕರಿಸು ಎಂದೂ ಆಗುತ್ತದೆ. ನೆರೆಯ ಭಾಷೆಗಳತ್ತ ಕಿವಿ ಕೊಟ್ಟರೆ ಅಲ್ಲೂ ಇದೇ ಗಂಟಲು. ತಮಿಳರು ‘ಕಾರಿ ತುಪ್ಪು’ ಎನ್ನುತ್ತಾರೆ, ಮಲಯಾಳಿಗಳು ‘ಕಾರ್ಕಿಚ್ಚು ತುಪ್ಪುಕ’ ಎನ್ನುತ್ತಾರೆ. ಮರಾಠಿಯಲ್ಲಿ ‘ಖಾಕರಣೆ’, ಹಿಂದಿಯಲ್ಲಿ ‘ಖಖಾರ್‌ನಾ’. ದ್ರಾವಿಡವೋ ಆರ್ಯವೋ ಎಂಬ ಭೇದವಿಲ್ಲದೆ ಎಲ್ಲ ಕಡೆ ಕಕಾರ ಮತ್ತು ರಕಾರ ಜೊತೆಯಾಗಿಯೇ ಬರುತ್ತವೆ. ನಾಲಿಗೆಯ ಬುಡ ಮೇಲೆದ್ದು ಕಿರುನಾಲಿಗೆಯ ಹತ್ತಿರ ಹೋದಾಗ ಗಾಳಿ ಹೊರಡಿಸುವ ಸದ್ದೇ ಅದು.

ಬಾಯಿ, ಮೂಗು, ಗಂಟಲಿನಿಂದ ಬರುವ ದ್ರವಗಳಿಗೆ ಕನ್ನಡ ಕೊಟ್ಟಿರುವ ಹೆಸರುಗಳನ್ನು ಒಮ್ಮೆ ನೆನೆಯಬೇಕು. ತಾನಾಗಿ ಸುರಿಯುವುದು ಜೊಲ್ಲು. ಬಾಯಲ್ಲಿ ಊರುವುದು ಉಗುಳು. ಅದೇ ಉಗುಳು ತುತ್ತಿಗೋ ಲೋಟಕ್ಕೋ ತಗುಲಿದರೆ ಎಂಜಲು. ಮೂಗಿನದು ಸಿಂಬಳ, ಗಟ್ಟಿಯಾದರೆ ಗೊಣ್ಣೆ. ಎದೆಯಿಂದ ಬರುವುದು ಕಫ. ಓದು ಬರಹ ಬಾರದ ಅಜ್ಜಿಯೂ ಇವುಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಆಡುವುದಿಲ್ಲ. ಕ್ರಿಯೆಗಳಲ್ಲೂ ಹಾಗೆಯೇ: ಕೆಮ್ಮುವುದು ಎದೆಯ ಕೆಲಸ, ಕ್ಯಾಕರಿಸುವುದು ಗಂಟಲಿನದು, ಉಗಿಯುವುದು ಬಾಯಿಯದು. ಇನ್ನೂ ಆಳದಿಂದ, ತಡೆಯಲಾರದೆ ಬಂದರೆ ಅದು ಕಾರುವುದು, ‘ರಕ್ತ ಕಾರಿದ’ ಎನ್ನುವಾಗಿನ ಕಾರು. ಎದೆ, ಗಂಟಲು, ಬಾಯಿ ಎಂಬ ಈ ಮೂರು ಮೆಟ್ಟಿಲುಗಳನ್ನು ವೈದ್ಯಶಾಸ್ತ್ರವೂ ಹೀಗೆಯೇ ಬಿಡಿಸಿ ನೋಡುತ್ತದೆ.

ಆರೋಗ್ಯವಂತರ ಶ್ವಾಸನಾಳದಲ್ಲೂ ಕಫ ಇರುತ್ತದೆ, ಇರಲೇಬೇಕು. ಉಸಿರಿನ ಜೊತೆ ಒಳಹೋಗುವ ದೂಳು, ಹೊಗೆ, ರೋಗಾಣುಗಳು ಆ ತೆಳುವಾದ ಅಂಟು ಪದರಕ್ಕೆ ಸಿಕ್ಕಿಬೀಳುತ್ತವೆ. ನಾಳದ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಗಾಳಿಗೆ ಒಲೆಯುವ ರಾಗಿಹೊಲದಂತೆ ಒಂದೇ ದಿಕ್ಕಿಗೆ ಬಾಗುತ್ತ, ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತ, ಆ ಪದರವನ್ನು ನಿಮಿಷಕ್ಕೆ ಕೆಲವು ಮಿಲಿಮೀಟರಿನಂತೆ ಮೇಲಕ್ಕೆ ತಳ್ಳುತ್ತವೆ. ಗಂಟಲಿಗೆ ಬಂದದ್ದನ್ನು ನಾವು ಅರಿವಿಲ್ಲದೆ ನುಂಗಿಬಿಡುತ್ತೇವೆ. ಹಗಲಿರುಳೂ ನಡೆಯುವ ಈ ಕೆಲಸ ಗಮನಕ್ಕೇ ಬರುವುದಿಲ್ಲ. ಬೀಡಿ, ಸಿಗರೇಟು, ಒಲೆಯ ಹೊಗೆ ಈ ರೋಮಗಳನ್ನು ನಿಧಾನಗೊಳಿಸುತ್ತವೆ, ಕೊನೆಗೆ ಕೆಡಿಸುತ್ತವೆ. ಆಗ ಕಫ ಮೇಲೇರದೆ ಅಲ್ಲೇ ನಿಲ್ಲುತ್ತದೆ, ಕೆಮ್ಮಿ ಕ್ಯಾಕರಿಸುವುದು ಅನಿವಾರ್ಯವಾಗುತ್ತದೆ. ಬೀಡಿ ಸೇದುವವರು ಬೆಳಿಗ್ಗೆ ಎದ್ದ ಕೂಡಲೇ ಹಿತ್ತಲಿನಲ್ಲಿ ಮಾಡುವ ಸದ್ದಿನ ಹಿಂದಿರುವುದು ರಾತ್ರಿಯೆಲ್ಲ ಎದೆಯಲ್ಲಿ ಕಟ್ಟಿಕೊಂಡ ಕಫ.

ಕೆಮ್ಮಿನಲ್ಲಿ ಮೊದಲು ಆಳವಾಗಿ ಉಸಿರು ತುಂಬುತ್ತದೆ, ಧ್ವನಿಪೆಟ್ಟಿಗೆಯ ಬಾಗಿಲು ಮುಚ್ಚುತ್ತದೆ, ಹೊಟ್ಟೆ ಮತ್ತು ಪಕ್ಕೆಲುಬಿನ ಸ್ನಾಯುಗಳು ಒತ್ತುತ್ತವೆ, ಬಾಗಿಲು ಒಮ್ಮೆಲೇ ತೆರೆದು ಗಾಳಿ ಸಿಡಿಯುತ್ತದೆ. ಆ ರಭಸಕ್ಕೆ ನಾಳದ ಗೋಡೆಯಲ್ಲಿದ್ದ ಕಫ ಕಿತ್ತು ಮೇಲೆ ಬರುತ್ತದೆ. ಕ್ಯಾಕರಿಸುವಾಗ ಬಾಗಿಲು ಮುಚ್ಚುವುದಿಲ್ಲ. ಕಿರಿದಾದ ಗಂಟಲಿನ ಮೂಲಕ ಗಾಳಿಯನ್ನು ಬಲವಂತವಾಗಿ ಉಜ್ಜಿಕೊಂಡು ಹೋಗುವಂತೆ ಮಾಡುತ್ತೇವೆ. ಹಾಗಾಗಿ ಬರೀ ಕ್ಯಾಕರಿಸಿದರೆ ಸಿಗುವುದು ಗಂಟಲಿನದು, ಮೂಗಿನ ಹಿಂಭಾಗದಿಂದ ಇಳಿದದ್ದು. ಬರೀ ಕೆಮ್ಮಿದರೆ ಎದೆಯದು ಗಂಟಲಿನವರೆಗೆ ಬಂದು ಅಲ್ಲಿ ನಿಲ್ಲುತ್ತದೆ, ಅಲ್ಲಿಂದ ಮತ್ತೆ ಹೊಟ್ಟೆಗೆ ಹೋಗುತ್ತದೆ. ಎರಡೂ ಒಂದರ ಹಿಂದೆ ಒಂದು ನಡೆದಾಗ ಮಾತ್ರ ಎದೆಯೊಳಗಿನದು ಹೊರಗೆ ಬರುತ್ತದೆ. ಪುಟ್ಟ ಮಕ್ಕಳಿಗೆ ಈ ಎರಡನೆಯ ಹೆಜ್ಜೆ ಬರುವುದಿಲ್ಲ, ಎಲ್ಲವನ್ನೂ ನುಂಗುತ್ತಾರೆ. ಮಗುವಿಗೆ ಕ್ಷಯದ ಅನುಮಾನ ಬಂದರೆ ವೈದ್ಯರು ಬೆಳಗಿನ ಜಾವ, ಬರಿಹೊಟ್ಟೆಯಲ್ಲಿ, ಮೂಗಿನ ಮೂಲಕ ನಳಿಕೆ ಇಳಿಸಿ ಹೊಟ್ಟೆಯಿಂದ ದ್ರವ ತೆಗೆದು ಪರೀಕ್ಷೆಗೆ ಕಳಿಸುವುದುಂಟು. ರಾತ್ರಿ ನುಂಗಿದ ಕಫ ಅಲ್ಲಿ ಸಿಗುತ್ತದೆ ಎಂಬ ಲೆಕ್ಕ.

ಕೆಮ್ಮನ್ನು ಅದುಮಬಾರದು ಎಂಬುದು ನಮ್ಮ ಹಳೆಯ ವೈದ್ಯರಿಗೂ ಗೊತ್ತಿತ್ತು. ವಾಗ್ಭಟನ ‘ಅಷ್ಟಾಂಗಹೃದಯ’ ತಡೆಹಿಡಿಯಬಾರದ ದೇಹದ ವೇಗಗಳನ್ನು ಹೇಳುವಾಗ ಸೀನು, ಆಕಳಿಕೆ, ಕಣ್ಣೀರುಗಳ ಜೊತೆ ಕೆಮ್ಮನ್ನೂ ಸೇರಿಸುತ್ತದೆ. ಆದರೆ ಯಾರು ಸದ್ದು ಮಾಡಬಹುದು, ಯಾರು ಮಾಡಬಾರದು ಎಂಬುದನ್ನು ತೀರ್ಮಾನಿಸಿದ್ದು ವೈದ್ಯವಲ್ಲ, ಸಮಾಜ.

ಹಿಂದಿನ ತೊಟ್ಟಿಮನೆಗಳಲ್ಲಿ ಯಜಮಾನರು ನಡುಮನೆಗೆ ಕಾಲಿಡುವ ಮೊದಲು ಒಮ್ಮೆ ಕೆಮ್ಮಿ, ಗಂಟಲು ಕ್ಯಾಕರಿಸಿಯೇ ಬರುತ್ತಿದ್ದರು. ಒಳಗಿದ್ದ ಸೊಸೆಯಂದಿರು ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲಲು ಅದು ಸೂಚನೆ. ಪಂಚಾಯ್ತಿ ಕಟ್ಟೆಯಲ್ಲಿ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರೆ ಮಿಕ್ಕವರ ಮಾತು ನಿಲ್ಲುತ್ತಿತ್ತು. ಈಗಲೂ ಸಭೆಯಲ್ಲಿ ಗಂಟಲ ಸದ್ದು ಒಂದು ಅಧಿಕಾರವೇ. ಹೆಣ್ಣುಮಗಳು ಮಾತ್ರ ಕ್ಯಾಕರಿಸುವಂತಿಲ್ಲ. ‘ಗಂಡಸರ ಥರ ಏನೇ ಅದು’ ಎಂಬ ಗದರಿಕೆ ಕೇಳದೆ ಬೆಳೆದ ಹುಡುಗಿಯರು ನಮ್ಮಲ್ಲಿ ಕಡಿಮೆ. ಸೀನು ಬಂದರೆ ಸೆರಗು ಅಡ್ಡ, ಕೆಮ್ಮು ಬಂದರೆ ಮುಖ ಗೋಡೆಗೆ, ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ನುಂಗು. ಒಲೆಯ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿದವರು ಅದನ್ನು ಹೊರಹಾಕಲು ಎಲ್ಲರಿಗಿಂತ ಹೆಚ್ಚು ನಾಚಬೇಕಾಗಿ ಬಂತು. ಈ ಅನ್ಯಾಯ ನನ್ನನ್ನು ಬಹಳ ಕಾಡಿದೆ.

ಜಾತಿಯ ಲೆಕ್ಕ ಇನ್ನೂ ಕ್ರೂರ. ಹಳಗನ್ನಡದಲ್ಲಿ ‘ಪಡಿಗ’ ಎಂಬ ಪದವಿದೆ, ಉಗುಳುಪಾತ್ರೆ ಎಂದು ಅರ್ಥ. ಆಮೇಲೆ ಬಂದ ಮಾತು ಪೀಕದಾನಿ. ಅರಸರ ಓಲಗದಲ್ಲಿ ಸತ್ತಿಗೆ, ಚಾಮರ, ಎಲೆಯಡಿಕೆಯ ಹಡಪಗಳ ಜೊತೆ ಪಡಿಗವೂ ಇರುತ್ತಿತ್ತು. ದೊರೆ ಉಗಿಯುವಾಗ ಅದನ್ನು ಮುಂದೆ ಹಿಡಿಯಲೆಂದೇ ಆಳು ಇರುತ್ತಿದ್ದ. ಇನ್ನೊಂದು ತುದಿಯಲ್ಲಿ ಪೇಶ್ವೆಗಳ ಪುಣೆ. ಅಲ್ಲಿ ಅಸ್ಪೃಶ್ಯರು ಕೊರಳಿಗೆ ಮಣ್ಣಿನ ಮಡಕೆ ಕಟ್ಟಿಕೊಂಡು ಓಡಾಡಬೇಕಿತ್ತು, ಉಗುಳು ನೆಲಕ್ಕೆ ಬಿದ್ದರೆ ಅದನ್ನು ತುಳಿದ ಸವರ್ಣೀಯ ಮೈಲಿಗೆಯಾಗುತ್ತಾನೆ ಎಂಬ ಕಾರಣಕ್ಕೆ. ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ಇದನ್ನು ದಾಖಲಿಸಿದ್ದಾರೆ. ಎರಡೂ ಒಂದೇ ದ್ರವ. ಒಬ್ಬನದನ್ನು ಹಿಡಿಯಲು ಇನ್ನೊಬ್ಬನ ಕೈ, ಇನ್ನೊಬ್ಬನದನ್ನು ಹೊರಲು ಅವನದೇ ಕೊರಳು. ಉಗುಳಿನ ಬಗೆಗೆ ನಮಗಿರುವ ಹೇಸಿಗೆಯಲ್ಲಿ ಸ್ವಚ್ಛತೆಯ ಪಾಲೆಷ್ಟು, ಮೈಲಿಗೆಯ ಪಾಲೆಷ್ಟು ಎಂದು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಈ ಹಿನ್ನೆಲೆಯ ಮನುಷ್ಯರ ಕೈಗೆ ಆಸ್ಪತ್ರೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಡುತ್ತದೆ.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದಿರುವುದಾಗಿ ಪ್ರಕಟಿಸಿದ. ಆ ದಿನವೇ ಈಗ ವಿಶ್ವ ಕ್ಷಯರೋಗ ದಿನ. ಅದರ ಬೆನ್ನಿಗೇ ಜೀಲ್ ಮತ್ತು ನೀಲ್ಸನ್ ಎಂಬಿಬ್ಬರು ಜರ್ಮನ್ ವೈದ್ಯರ ಕೈಯಲ್ಲಿ ಬಣ್ಣ ಹಾಕುವ ವಿಧಾನವೊಂದು ಬೆಳೆಯಿತು. ಗಾಜಿನ ಮೇಲೆ ಕಫ ಸವರಿ, ಕೆಂಪು ಬಣ್ಣ ಹಾಕಿ, ಆಮ್ಲದಿಂದ ತೊಳೆದು, ಮೇಲೆ ನೀಲಿ ಬಣ್ಣ ಹಾಕಿದಾಗ ಮಿಕ್ಕದ್ದೆಲ್ಲ ನೀಲಿಯಾಗಿ, ಕ್ಷಯದ ಕಡ್ಡಿಯಾಕಾರದ ರೋಗಾಣುಗಳು ಮಾತ್ರ ಕೆಂಪಗೆ ಉಳಿಯುತ್ತವೆ. ನೂರಾ ನಲವತ್ತು ವರ್ಷ ಕಳೆದರೂ ಈ ವಿಧಾನ ಬಳಕೆಯಲ್ಲಿದೆ. ಆದರೆ ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಣ್ಣಿಗೆ ಬೀಳಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಾದರೂ ಇರಬೇಕು. ಈಚಿನ ಯಂತ್ರಗಳು ರೋಗಾಣುವಿನ ವಂಶವಾಹಿಯನ್ನೇ ಹುಡುಕುವುದರಿಂದ ಅದಕ್ಕಿಂತ ಬಹಳ ಕಡಿಮೆ ಇದ್ದರೂ ಹಿಡಿಯುತ್ತವೆ. ಈಗ ಸರ್ಕಾರಿ ಪ್ರಯೋಗಾಲಯಗಳಲ್ಲಿ ಕಾಣುವ ಟ್ರೂನ್ಯಾಟ್ ಯಂತ್ರದ ಹಿಂದೆ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನ ಕೆಲಸವಿದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅನುಮೋದಿಸಿತು.

ಯಂತ್ರ ಎಷ್ಟು ಜಾಣವಾದರೂ ಡಬ್ಬಿಯಲ್ಲಿ ಎದೆಯ ಕಫ ಇರಬೇಕು. ಉಗುಳು ಇದ್ದರೆ ಎದೆಯಲ್ಲಿ ರೋಗ ತುಂಬಿದ್ದರೂ ಫಲಿತಾಂಶ ‘ಇಲ್ಲ’ ಎಂದೇ ಬರಬಹುದು. ರೋಗಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾಳೆ, ಕೆಮ್ಮು ಮುಂದುವರಿಯುತ್ತದೆ, ಮನೆಯವರಿಗೆ ಹರಡುತ್ತದೆ. ‘ಹೋಗುತ್ತಾಳೆ’ ಎಂದು ಬೇಕೆಂದೇ ಬರೆದೆ. ಪಾಕಿಸ್ತಾನದ ರಾವಲ್ಪಿಂಡಿಯ ಕ್ಷಯರೋಗ ಕೇಂದ್ರವೊಂದರಲ್ಲಿ ನಡೆದು 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ಹೀಗಾಗುವುದು ಹೆಂಗಸರಲ್ಲೇ ಹೆಚ್ಚು ಎಂದು ತೋರಿಸಿಕೊಟ್ಟಿತು. ಕ್ಷಯದ ಅನುಮಾನವಿದ್ದ ಸುಮಾರು ಮೂರು ಸಾವಿರ ಗಂಡಸರು, ಹೆಂಗಸರಲ್ಲಿ ಅರ್ಧ ಜನಕ್ಕೆ ಕಫ ಕೊಡುವುದು ಹೇಗೆ ಎಂದು ಬಿಡಿಸಿ ಹೇಳಲಾಯಿತು, ಉಳಿದವರಿಗೆ ಎಂದಿನಂತೆ ಡಬ್ಬಿ ಮಾತ್ರ ಕೊಡಲಾಯಿತು. ಡಬ್ಬಿ ಮಾತ್ರ ಪಡೆದ ಮಹಿಳೆಯರಲ್ಲಿ ಶೇ 8ರಷ್ಟು ಮಂದಿಯಲ್ಲಿ ರೋಗಾಣು ಕಂಡಿತು. ವಿವರಣೆ ಕೇಳಿದ ಮಹಿಳೆಯರಲ್ಲಿ ಶೇ 13ರಷ್ಟು ಮಂದಿಯಲ್ಲಿ ಕಂಡಿತು. ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ, ಗಟ್ಟಿ ಕಫವನ್ನೇ ಉಗಿಯಿರಿ, ಉಗುಳು ಬೇಡ ಎಂಬ ಕೆಲವು ಮಾತುಗಳು, ಅಷ್ಟೆ. ಗಂಡಸರಿಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ. ಜೀವನವಿಡೀ ಅವರಿಗೆ ಅದಕ್ಕೆ ಅನುಮತಿ ಇತ್ತು.

ನಮ್ಮ ನೆಲದಲ್ಲೇ ನಡೆದ ಇನ್ನೊಂದು ಅಧ್ಯಯನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅದರ ಮೊದಲ ವರ್ಷಗಳಲ್ಲಿ ಸಂಶೋಧಕರಾದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳ ಕ್ಷಯರೋಗಿಗಳನ್ನು ಅವರ ಮನೆಗಳಲ್ಲೇ ಮಾತಾಡಿಸಿದರು. ಹಳ್ಳಿಯವರಿಗೆ ರೋಗದ ಅರಿವಿರುವುದಿಲ್ಲ, ಮನೆಮನೆಗೆ ಹೋಗಿ ಹುಡುಕಬೇಕು ಎಂಬುದು ಆಗಿನ ತಜ್ಞರ ನಂಬಿಕೆ. 1963ರಲ್ಲಿ ಪ್ರಕಟವಾದ ಅವರ ವರದಿ ಅದನ್ನು ತಲೆಕೆಳಗು ಮಾಡಿತು. ಬಹುತೇಕ ರೋಗಿಗಳಿಗೆ ತಮ್ಮ ಕೆಮ್ಮಿನ ಅರಿವಿತ್ತು, ಚಿಂತೆಯಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ದವಾಖಾನೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಅವರಲ್ಲಿ ಹೆಚ್ಚಿನವರ ಕಫವನ್ನು ಯಾರೂ ಕೇಳಿರಲಿಲ್ಲ. ಸಾಮಾನ್ಯ ಆಸ್ಪತ್ರೆಗೆ ಕೆಮ್ಮಿಕೊಂಡು ಬಂದವರ ಕಫವನ್ನು ಅಲ್ಲೇ ಪರೀಕ್ಷಿಸಬೇಕು ಎಂಬ ನೀತಿ ದೇಶದಲ್ಲಿ ಗಟ್ಟಿಯಾದದ್ದರ ಹಿಂದೆ ತುಮಕೂರಿನ ಆ ರೋಗಿಗಳ ಮಾತಿದೆ. ತಮ್ಮ ಮೈಯ ಬಗ್ಗೆ ಅವರಿಗೆ ಗೊತ್ತಿದ್ದುದನ್ನು ಕೇಳುವ ಕಿವಿ ದವಾಖಾನೆಗೆ ಇರಲಿಲ್ಲ. ಈಗ ಕಫ ಕೇಳುತ್ತಾರೆ. ಅವರು ಆಡುವ ಮಾತಿನಲ್ಲಿ ಕೇಳುವುದೊಂದು ಬಾಕಿ ಇದೆ.

ಹಾಗಾದರೆ ರಸ್ತೆಯಲ್ಲಿ ಕ್ಯಾಕರಿಸಿ ಉಗಿಯಬಹುದೇ? ಖಂಡಿತ ಬೇಡ. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಕೇಂದ್ರ ಗೃಹ ಇಲಾಖೆಯ ಮಾರ್ಗಸೂಚಿ ಸಾರ್ವಜನಿಕ ಜಾಗದಲ್ಲಿ ಉಗುಳುವುದನ್ನು ದಂಡಾರ್ಹಗೊಳಿಸಿತು. ತಂಬಾಕು ಜಗಿದು ಉಗಿಯುವವರಿಗೆ ತಂಬಾಕು ನಿಯಂತ್ರಣ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಲ್ಲಿ 1,000 ರೂಪಾಯಿವರೆಗೆ ದಂಡವಿದೆ. ಇದು ಹಳೆಯ ಜಗಳ: ನ್ಯೂಯಾರ್ಕ್ ನಗರ 1896ರಲ್ಲೇ ಕ್ಷಯದ ಭಯದಿಂದ ಉಗುಳುವುದನ್ನು ನಿಷೇಧಿಸಿತ್ತು. ಜರ್ಮನಿಯ ವೈದ್ಯ ಡೆಟ್‌ವೈಲರ್ 1889ರಲ್ಲಿ ಜೇಬಿನಲ್ಲಿಟ್ಟುಕೊಳ್ಳುವ ನೀಲಿ ಗಾಜಿನ ಉಗುಳುಸೀಸೆ ತಂದಿದ್ದ, ಜನ ಅದಕ್ಕೆ ‘ನೀಲಿ ಹೆನ್ರಿ’ ಎಂದು ಹೆಸರಿಟ್ಟಿದ್ದರು. ಆದರೆ ನೆಲದ ಮೇಲಿನ ಉಗುಳಿಗಿಂತ ಗಾಳಿಯಲ್ಲಿ ತೇಲುವ ಕಣಗಳೇ ಕ್ಷಯದ ಮುಖ್ಯ ದಾರಿ ಎಂಬುದು ಆಮೇಲೆ ಸ್ಪಷ್ಟವಾಯಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವೆಲ್ಸ್ ಮತ್ತು ರೈಲಿ ಎಂಬ ವಿಜ್ಞಾನಿಗಳು ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಗಳ ಮೂಲಕ ಗಿನಿಹಂದಿಗಳಿದ್ದ ಕೋಣೆಗೆ ಹರಿಸಿದರು. ರೋಗಿಗಳನ್ನು ಕಾಣದ, ಮುಟ್ಟದ ಆ ಪ್ರಾಣಿಗಳಿಗೂ ರೋಗ ತಗುಲಿತು. ಆದ್ದರಿಂದ ‘ಇಲ್ಲಿ ಉಗುಳಬೇಡಿ’ ಎಂಬ ಫಲಕದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚು, ಕಿಟಕಿ ತೆರೆದಿಡುವುದು ಮತ್ತು ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು ಮುಖ್ಯ. ಕಫವನ್ನು ಮುಚ್ಚಳವಿರುವ ಡಬ್ಬಿಗೆ ಉಗಿಯುವುದು ಅಸಭ್ಯವಲ್ಲ, ಅದೇ ಸಭ್ಯತೆ.

ಕಫದ ಬಣ್ಣವನ್ನು ನೋಡಿಕೊಳ್ಳುವುದಕ್ಕೂ ನಾಚಬೇಕಿಲ್ಲ. ಬಿಳಿ ಅಥವಾ ನೀರಿನಂತಿರುವುದು ಸಾಮಾನ್ಯ ನೆಗಡಿಯಲ್ಲೂ ಬರುತ್ತದೆ. ಹಳದಿ, ಹಸಿರು ಬಣ್ಣ ಬರುವುದು ರೋಗಾಣುಗಳೊಡನೆ ಹೋರಾಡಿದ ಬಿಳಿ ರಕ್ತಕಣಗಳಿಂದ. ಅದೊಂದನ್ನೇ ನೋಡಿ ಆ್ಯಂಟಿಬಯೋಟಿಕ್ ಮಾತ್ರೆ ನುಂಗಬಾರದು. ತುಕ್ಕಿನ ಬಣ್ಣವಿದ್ದರೆ, ರಕ್ತದ ಎಳೆ ಕಂಡರೆ, ಗುಲಾಬಿ ನೊರೆ ಬಂದರೆ ಆ ದಿನವೇ ವೈದ್ಯರ ಬಳಿ ಹೋಗಬೇಕು.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು, ಜೊತೆಗೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿತ ಇದ್ದರಂತೂ ತಡಮಾಡಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಸಾಮಾನ್ಯವಾಗಿ ಎರಡು ಮಾದರಿ ಕೇಳುತ್ತಾರೆ, ಒಂದು ಹೋದಾಗಲೇ, ಇನ್ನೊಂದು ಬೆಳಿಗ್ಗೆ ಎದ್ದ ಕೂಡಲೇ. ಬೆಳಗಿನದು ಮುಖ್ಯ, ರಾತ್ರಿಯ ಕಫ ಅದರಲ್ಲಿರುತ್ತದೆ. ಬಾಯನ್ನು ಬರೀ ನೀರಿನಿಂದ ಮುಕ್ಕಳಿಸಿ, ಹಿತ್ತಲಿಗೋ ತಾರಸಿಗೋ ಹೋಗಿ, ಸುತ್ತ ಯಾರೂ ಇಲ್ಲದ ಗಾಳಿಯಾಡುವ ಜಾಗದಲ್ಲಿ ನಿಲ್ಲಬೇಕು. ಬಚ್ಚಲುಮನೆಯಲ್ಲಿ ಬೇಡ, ಅಲ್ಲಿ ಗಾಳಿ ಕಟ್ಟಿಕೊಂಡಿರುತ್ತದೆ. ಎರಡು ಮೂರು ಸಲ ಆಳವಾಗಿ ಉಸಿರೆಳೆದು ಬಿಡಬೇಕು. ಆಮೇಲೆ ಎದೆ ತುಂಬ ಉಸಿರು ಹಿಡಿದು ಗಟ್ಟಿಯಾಗಿ ಕೆಮ್ಮಿ, ಬಂದದ್ದನ್ನು ನುಂಗದೆ, ಚೆನ್ನಾಗಿ ಕ್ಯಾಕರಿಸಿ ಡಬ್ಬಿಗೆ ಉಗಿಯಬೇಕು. ಎರಡರಿಂದ ಐದು ಮಿಲಿಲೀಟರ್, ಅಂದರೆ ಹೆಚ್ಚೆಂದರೆ ಒಂದು ಚಮಚದಷ್ಟು ಸಾಕು. ನೊರೆನೊರೆಯಾಗಿ ತೆಳ್ಳಗಿದ್ದರೆ ಅದು ಉಗುಳು, ಇನ್ನೊಮ್ಮೆ ಕೆಮ್ಮಬೇಕು. ಎಷ್ಟು ಮಾಡಿದರೂ ಬಾರದಿದ್ದರೆ ಆಸ್ಪತ್ರೆಯಲ್ಲಿ ಉಪ್ಪುನೀರಿನ ಆವಿ ಕೊಟ್ಟು ಕಫ ಸಡಿಲಿಸುತ್ತಾರೆ.

ಮನೆಯ ಹೆಣ್ಣುಮಕ್ಕಳಿಗೆ ಇದನ್ನು ಹೇಳುವಾಗ ‘ಮಾದರಿ ನೀಡು’ ಎಂದರೆ ಸಾಲದು. ‘ಅಮ್ಮಾ, ಚೆನ್ನಾಗಿ ಕೆಮ್ಮಿ ಕ್ಯಾಕರಿಸಿ ಉಗೀಬೇಕು, ಸದ್ದಾದರೆ ಆಗಲಿ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದವರು ತುಸು ದೂರ ಹೋಗಬೇಕು, ಗಂಡಸರಿದ್ದರೆ ಅವರನ್ನೂ ಕರೆದುಕೊಂಡು ಹೋಗಬೇಕು. ಆಸ್ಪತ್ರೆಗಳಲ್ಲಿ ಕಫ ಕೊಡುವ ಜಾಗವನ್ನು ಹೊರರೋಗಿಗಳ ಸಾಲಿನ ಎದುರಿಗೇ ಇಟ್ಟಿದ್ದರೆ ಅದನ್ನು ಕಟ್ಟಡದ ಹಿಂದಕ್ಕೆ, ಗಾಳಿಯಾಡುವ ಮರೆಗೆ ಸರಿಸಬೇಕು. ಡಬ್ಬಿ ಕೊಡುವ ಆಶಾ ಕಾರ್ಯಕರ್ತೆಯರು, ನರ್ಸಮ್ಮಂದಿರು ತಾವೇ ಒಮ್ಮೆ ಉಸಿರೆಳೆದು ಕ್ಯಾಕರಿಸಿ ತೋರಿಸಿದರೆ ಎದುರಿಗಿದ್ದವರ ಅರ್ಧ ನಾಚಿಕೆ ಅಲ್ಲೇ ಕಳೆಯುತ್ತದೆ. ಡಬ್ಬಿಯನ್ನು ಕೈಗಿಡುವ ಆ ಒಂದು ನಿಮಿಷದಲ್ಲೇ ಇದನ್ನು ಮಾಡಿ ಮುಗಿಸಬಹುದು.